ಕಾಕಂಬಿ 255.4 ಸೆಕೆಂಡ್: ಒಂದು ಹಳೆಯ ಎಸ್7-200 ರಿಪೇರಿಯ ಕಥೆ

ಆಯುಧಪೂಜೆ ರಜೆ ಮುಗಿದ ಮೊದಲ ದಿನವೇ ಫೋನ್ ಬಂತು. ತುಮಕೂರಿನ ಕಡೆಯ ಒಂದು ಪಶು ಆಹಾರದ ಘಟಕ. ಯಜಮಾನರ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಜಾಸ್ತಿ ಇತ್ತು.

"ಸಾರ್, ಮಿಕ್ಸರ್ ತುಂಬಾ ಕಾಕಂಬಿ. ನೆಲದ ಮೇಲೆಲ್ಲ ಹರಿದಿದೆ. ಪಿಎಲ್‌ಸಿ ಮೆಮೊರಿ ಸಾಲ್ತಿಲ್ಲ ಅಂತಾರೆ. ದೊಡ್ಡ ಮೆಮೊರಿದು ಒಂದು ಹೊಸದು ತಗೊಂಡೇ ಬಂದ್ಬಿಡಿ."

ಪಿಎಲ್‌ಸಿ ಅಂದರೆ ಮಷೀನನ್ನು ನಡೆಸುವ ಪುಟ್ಟ ಕಂಪ್ಯೂಟರ್. ಹೊಸದು ತೆಗೆದುಕೊಳ್ಳಲಿಲ್ಲ. ಯುಎಸ್‌ಬಿ-ಪಿಪಿಐ ಕೇಬಲ್, ಹಳೆಯ ಲ್ಯಾಪ್‌ಟಾಪ್, ಹಿಂಭಾಗದಲ್ಲಿ ಇನ್ನೊಂದು ಸಾಕೆಟ್ ಇರುವ ಬಸ್ ಕನೆಕ್ಟರ್, ಮಲ್ಟಿಮೀಟರ್, ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಹುಡುಗನ ಜೊತೆ ಪೀಣ್ಯದಿಂದ ಹೊರಟೆ. ಮೆಮೊರಿ ಸಾಲದೆ ಕಾಕಂಬಿ ಉಕ್ಕಿದ್ದನ್ನು ನಾನಂತೂ ಕಂಡಿಲ್ಲ. ಮೆಮೊರಿ ಸಾಲದಿದ್ದರೆ ಪ್ರೋಗ್ರಾಂ ಡೌನ್‌ಲೋಡೇ ಆಗುವುದಿಲ್ಲ.

ಪ್ಯಾನೆಲ್ ಬಾಗಿಲಿಗೆ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವಿನ ಹಾರ. ಒಳಗೆ ಪಿಎಲ್‌ಸಿ ತಲೆಯ ಮೇಲೂ ಒಂದು ಕುಂಕುಮದ ಬೊಟ್ಟು. ಗಾಳಿ ಆಡುವ ಸೀಳಿನೊಳಗೆ ಬಿದ್ದಿದೆಯಾ ಅಂತ ಮೊದಲು ಅದನ್ನೇ ನೋಡಿದೆ. ಬಿದ್ದಿರಲಿಲ್ಲ. ಇದ್ದದ್ದು ಸೀಮೆನ್ಸ್ ಎಸ್7-200, ಸಿಪಿಯು 224. ಪಕ್ಕದಲ್ಲಿ ತೂಕದ ಸಿಗ್ನಲ್ ಓದುವ ಇಎಂ 231, ಅದರಾಚೆ ಎಂಟು ಔಟ್‌ಪುಟ್‌ನ ಇಎಂ 222. ರನ್ ದೀಪ ಹಸಿರು, ಫಾಲ್ಟ್ ದೀಪ ಆರಿತ್ತು. ಅಂದರೆ ಪಿಎಲ್‌ಸಿಗೆ ತಾನು ಆರೋಗ್ಯವಾಗಿದ್ದೇನೆ ಅನ್ನುವ ನಂಬಿಕೆ ಇದೆ.

ಮಷೀನಿನ ಕೆಲಸ ಸರಳ. 500 ಕೆಜಿ ಹಾಪರ್‌ನಲ್ಲಿ ಮುಸುಕಿನ ಜೋಳ, ತೌಡು, ಹಿಂಡಿ, ಮಿನರಲ್ ಮಿಕ್ಸ್ ಒಂದಾದ ಮೇಲೊಂದು ತೂಗಿ ಮಿಕ್ಸರ್‌ಗೆ ಬಿಡುತ್ತದೆ. ಆಮೇಲೆ ಕಾಕಂಬಿ ಪಂಪ್ ಇಷ್ಟು ಸೆಕೆಂಡ್ ಅಂತ ಓಡುತ್ತದೆ. ಆ ದಿನದ ರೆಸಿಪಿ: ಜೋಳ 240, ತೌಡು 130, ಹಿಂಡಿ 60, ಮಿನರಲ್ 9 ಕೆಜಿ, ಕಾಕಂಬಿ 25.0 ಸೆಕೆಂಡ್.

ಆಪರೇಟರ್ ಅಣ್ಣ ನಡೆದದ್ದನ್ನು ಹೇಳಿದರು. ಐದು ದಿನ ಮೇನ್ ಆಫ್ ಇತ್ತು. ಆನ್ ಮಾಡಿದಾಗ ಎಚ್‌ಎಂಐನಲ್ಲಿ, ಅಂದರೆ ಸಂಖ್ಯೆ ತುಂಬುವ ಪರದೆಯಲ್ಲಿ, ಎಲ್ಲ ಸಂಖ್ಯೆಗಳೂ ಸೊನ್ನೆ. ನೋಟ್‌ಬುಕ್ ನೋಡಿ ಮತ್ತೆ ತುಂಬಿದರು. ಮೊದಲ ಪುಟದಲ್ಲಿ ನಾಲ್ಕು ಸಾಮಗ್ರಿ, ಎರಡನೇ ಪುಟದಲ್ಲಿ ಕಾಕಂಬಿ. ಮೊದಲ ಬ್ಯಾಚ್‌ನಲ್ಲಿ ಮಿನರಲ್ ಸ್ಕ್ರೂ ತಿರುಗಲೇ ಇಲ್ಲ. ಮೊದಲ ಪುಟಕ್ಕೆ ಹೋಗಿ ನೋಡಿದರೆ ಮಿನರಲ್ ಸೊನ್ನೆ ಆಗಿದೆ. "ನಾನೇ 9 ಹೊಡೆದಿದ್ದೆ ಸಾರ್, ದೇವರಾಣೆ." ಮತ್ತೆ 9 ಹಾಕಿ ಸ್ಟಾರ್ಟ್ ಒತ್ತಿದರು. ಈ ಸಲ ಮಿನರಲ್ ಬಂತು, ಆದರೆ ಕಾಕಂಬಿ ಪಂಪ್ ನಿಲ್ಲಲಿಲ್ಲ. ನಾಲ್ಕು ನಿಮಿಷಕ್ಕೂ ಜಾಸ್ತಿ ಓಡಿತಂತೆ.

ಸಂಖ್ಯೆಗಳು ಸೊನ್ನೆ ಆದದ್ದರಲ್ಲಿ ಗುಟ್ಟೇನೂ ಇಲ್ಲ. ಈ 224ರಲ್ಲಿ ಕರೆಂಟ್ ಹೋದಾಗ ರ‍್ಯಾಮ್ ಅನ್ನು ಕಾಯುವುದು ಒಂದು ಸೂಪರ್ ಕೆಪಾಸಿಟರ್. ಕೈಪಿಡಿಯ ಪ್ರಕಾರ ಸುಮಾರು 100 ಗಂಟೆ, 40 ಡಿಗ್ರಿ ಸೆಖೆಯಲ್ಲಿ ಕನಿಷ್ಠ 70 ಗಂಟೆ. ಐದು ದಿನ ಅಂದರೆ 120 ಗಂಟೆ. ಪ್ರೋಗ್ರಾಂ ಕರೆಂಟ್ ಹೋದರೂ ಅಳಿಯದ ಇಇಪ್ರಾಮ್‌ನಲ್ಲಿ ಇರುವುದರಿಂದ ಅದು ಉಳಿಯಿತು, ಆಪರೇಟರ್ ತುಂಬಿದ ಸಂಖ್ಯೆಗಳು ಹೋದವು. ಹಾಗಾಗಿ "ಮೆಮೊರಿ ಹೋಗಿದೆ" ಅನ್ನುವ ಮಾತು ಅರ್ಧ ನಿಜ. ಆದರೆ ಸರಿಯಾದ ಸಂಖ್ಯೆಗಳನ್ನೇ ಮತ್ತೆ ತುಂಬಿದ ಮೇಲೂ ಕಾಕಂಬಿ ಯಾಕೆ ಉಕ್ಕಿತು?

ಒಂದು ಗಂಟೆ ದಂಡ ಮಾಡಿದೆ. ಪಂಪಿಗೆ ಕರೆಂಟ್ ಕೊಡುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಅಂಟಿಕೊಂಡಿರಬೇಕು ಅಂದುಕೊಂಡು ಬಿಚ್ಚಿದೆ. ಪಾಯಿಂಟ್‌ಗಳು ಚೆನ್ನಾಗಿದ್ದವು. ಅದನ್ನು ನಡೆಸುವ ಪಿಎಲ್‌ಸಿ ಔಟ್‌ಪುಟ್ ಕ್ಯೂ2.0ರ ರಿಲೇಯೂ ಸರಿ ಇತ್ತು. ಅದನ್ನು ನೋಡಿ ಹುಡುಗ ಕೇಳಿದ, "ಅಣ್ಣ, ಕ್ಯೂ1.1 ಆದ ಮೇಲೆ ಕ್ಯೂ1.2 ತಾನೆ ಬರಬೇಕು? ನೇರ 2.0 ಹೇಗೆ?" ಒಳ್ಳೆಯ ಪ್ರಶ್ನೆ. 224ರಲ್ಲಿ ಹತ್ತೇ ಔಟ್‌ಪುಟ್, ಕ್ಯೂ0.0ರಿಂದ ಕ್ಯೂ1.1ವರೆಗೆ. ಆದರೆ ವಿಳಾಸವನ್ನು ಎಂಟೆಂಟರ ಕಟ್ಟಾಗಿಯೇ, ಅಂದರೆ ಬೈಟ್ ಲೆಕ್ಕದಲ್ಲಿ, ಕೊಡುತ್ತಾರೆ. ಎರಡನೇ ಕಟ್ಟಿನಲ್ಲಿ ಎರಡೇ ತಂತಿ ಬಳಕೆಯಾದರೂ ಉಳಿದ ಆರು ಮುಂದಿನ ಮಾಡ್ಯೂಲ್‌ಗೆ ಸಿಗುವುದಿಲ್ಲ. ಮುಂದಿನದು ಹೊಸ ಬೈಟ್‌ನಿಂದ ಶುರು. ಅದೇ ಕಾರಣಕ್ಕೆ ಇನ್‌ಪುಟ್‌ನಲ್ಲೂ ಐ0.7 ಆದ ಮೇಲೆ ಐ0.8 ಇಲ್ಲ, ಐ1.0. ಈ ಬೈಟ್ ಲೆಕ್ಕವೇ ಇನ್ನೊಂದು ಗಂಟೆಯಲ್ಲಿ ನಮ್ಮ ಕಳ್ಳನನ್ನು ಹಿಡಿದುಕೊಡುತ್ತದೆ ಅಂತ ಆಗ ನನಗೂ ಹೊಳೆಯಲಿಲ್ಲ.

ಸುಳಿವು ಕೊಟ್ಟದ್ದು ಎಚ್‌ಎಂಐ ಕೆಳಗೆ ಅಂಟಿಸಿದ್ದ ಒಂದು ಚೀಟಿ. ಮಾರ್ಕರ್‌ನಲ್ಲಿ ಬರೆದಿತ್ತು: "ಕಾಕಂಬಿ 25ರ ಮೇಲೆ ಹಾಕಬೇಡಿ."

"ಇದು ಯಾಕೆ ಅಣ್ಣ?"

"26 ಹಾಕಿದ್ರೆ ಮಷೀನ್ ಮಿನರಲ್ ಹತ್ರ ಬಂದು ನಿಂತ್ಬಿಡುತ್ತೆ ಸಾರ್. ಮೊದ್ಲಿಂದ ಹಂಗೇ."

"ಮಿನರಲ್‌ಗೆ ಎಷ್ಟು ಇಡ್ತಿದ್ರಿ?"

"ಏನೂ ಇಲ್ಲ. ಆ ಸ್ಕ್ರೂ ಕೆಟ್ಟು ಎಷ್ಟು ಕಾಲ ಆಯ್ತು. ಮಿನರಲ್ ಕೈಯಲ್ಲೇ ಸುರೀತಿದ್ವಿ. ಪೂಜೆಗೆ ಮುಂಚೆ ತಾನೆ ಸ್ಕ್ರೂ ರಿಪೇರಿ ಮಾಡಿಸಿದ್ದು."

25 ಆದರೆ ಸರಿ, 26 ಆದರೆ ಕೆಡುತ್ತದೆ. ಟೈಮರ್ 100 ಮಿಲಿಸೆಕೆಂಡ್ ಲೆಕ್ಕದ್ದು, ಅಂದರೆ ಒಳಗೆ 250 ಮತ್ತು 260. ನಡುವೆ ಇರುವುದು 255. ಒಂದು ಬೈಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ! ಕಾಂಟ್ಯಾಕ್ಟರ್ ಮುಚ್ಚಳ ಹಾಕಿ ಲ್ಯಾಪ್‌ಟಾಪ್ ತೆಗೆದೆ.

224ಕ್ಕೆ ಇರುವುದು ಒಂದೇ ಪೋರ್ಟ್. ಅದರಲ್ಲಿ ಎಚ್‌ಎಂಐ ಕೂತಿತ್ತು. ಅದಕ್ಕೇ ನನ್ನ ಬೆನ್ನುಸಾಕೆಟ್ ಇರುವ ಕನೆಕ್ಟರ್. ಪಿಎಲ್‌ಸಿ ವಿಳಾಸ 2, ಎಚ್‌ಎಂಐ 1, ಲ್ಯಾಪ್‌ಟಾಪ್ 0, ವೇಗ 9.6 ಕೆ. ಮೂರೂ ಒಂದೇ ತಂತಿಯಲ್ಲಿ ಮಾತಾಡತೊಡಗಿದವು. ಪಾಸ್‌ವರ್ಡ್ ಇರಲಿಲ್ಲ, ಪುಣ್ಯ. ಸ್ಟೆಪ್ 7 ಮೈಕ್ರೋವಿನ್‌ನಲ್ಲಿ ಅಪ್‌ಲೋಡ್ ಮಾಡಿದೆ. ಬಂದದ್ದು ಬರೀ ವಿಳಾಸಗಳು. ಹೆಸರಿಲ್ಲ, ಟಿಪ್ಪಣಿ ಇಲ್ಲ. ಬರೆದವರ ಮೂಲ ಫೈಲ್ ಇಲ್ಲದಿದ್ದರೆ ಇಷ್ಟೇ ಸಿಗುವುದು.

ಕಂಪೈಲ್ ಮಾಡಿದರೆ ಪ್ರೋಗ್ರಾಂ 2614 ಬೈಟ್. ಈ ಸಿಪಿಯುನಲ್ಲಿ ಪ್ರೋಗ್ರಾಂಗೆ 8192 ಬೈಟ್ ಜಾಗ ಇದೆ. ರನ್‌ನಲ್ಲೇ ತಿದ್ದುವ ಸೌಲಭ್ಯ ಬೇಡ ಅಂದರೆ 12288. ಸಂಖ್ಯೆಗಳನ್ನು ಇಡುವ ವಿ ಮೆಮೊರಿ ಬೇರೆ 8192 ಬೈಟ್. ಅದರಲ್ಲಿ ಬಳಸಿದ್ದು 250 ಬೈಟೂ ಇಲ್ಲ. ಒಂದು ಸ್ಕ್ಯಾನ್‌ಗೆ, ಅಂದರೆ ಪ್ರೋಗ್ರಾಂ ಒಂದು ಸುತ್ತು ಓಡುವುದಕ್ಕೆ, 3 ಮಿಲಿಸೆಕೆಂಡ್. ಯಜಮಾನರನ್ನು ಕರೆದು ತೋರಿಸಿದೆ. "ನೀವು ಹೇಳಿದ ದೊಡ್ಡದು, ಅಂದರೆ 226, ತಂದರೆ ವಿ ಮೆಮೊರಿ 10240 ಬೈಟ್ ಆಗುತ್ತೆ. ಇಲ್ಲಿ ನೂರಕ್ಕೆ ಮೂರು ಭಾಗ ಮಾತ್ರ ತುಂಬಿದೆ. ಗೋದಾಮು ಖಾಲಿ ಇದೆ, ಸಾಮಾನು ತಪ್ಪು ಜಾಗದಲ್ಲಿದೆ." ಅವರು ತಲೆಯಾಡಿಸಿದರು, ನಂಬಿದ ಹಾಗೆ ಕಾಣಲಿಲ್ಲ.

ಪ್ರೋಗ್ರಾಂ ಓದುತ್ತ ಹೋದರೆ ಎರಡು ಕೈಬರಹ ಕಾಣಿಸಿತು. ಮೊದಲು ಬರೆದವರು ಅಚ್ಚುಕಟ್ಟಿನವರು. ವಿ ಮೆಮೊರಿಯಲ್ಲಿ ಜೋಳ ವಿಡಬ್ಲ್ಯೂ100, ತೌಡು ವಿಡಬ್ಲ್ಯೂ102, ಹಿಂಡಿ 104, ಮಿನರಲ್ 106. ಎಲ್ಲ ಎರಡೆರಡು ಹೆಜ್ಜೆ. ತೂಕದ ಲೆಕ್ಕವೂ ಹಾಗೆಯೇ. ಇಎಂ 231ರಲ್ಲಿ 20 ಮಿಲಿಆಂಪ್ ಅಂದರೆ 32000, ಹಾಗಾಗಿ 4 ಮಿಲಿಆಂಪ್ ಅಂದರೆ 6400. ಅದನ್ನು ಕಳೆದು 500ರಿಂದ ಗುಣಿಸಿದರೆ ಗುಣಲಬ್ಧ ಎರಡು ಬೈಟ್‌ನ ವರ್ಡ್‌ನ ಮಿತಿಯಾದ 32767 ದಾಟಿ ಎಲ್ಲಿಗೋ ಹೋಗುತ್ತದೆ. ಅದಕ್ಕೆ ಅವರು ಉತ್ತರವನ್ನು ನಾಲ್ಕು ಬೈಟ್‌ನ ವಿಡಿಗೆ ಹಾಕಿ, ಭಾಗಿಸಿ, ಆಮೇಲೆ ವರ್ಡ್‌ಗೆ ಇಳಿಸಿದ್ದರು. ಪ್ರೋಗ್ರಾಂನ ಕೊನೆಯ ಮೂರು ತುಣುಕು (ನೆಟ್‌ವರ್ಕ್) ಮಾತ್ರ ಬೇರೆ ಕೈ. ಕಾಕಂಬಿ ಪಂಪ್ ಆಮೇಲೆ ಸೇರಿಸಿದ್ದು. ಟೈಮರ್ ಟಿ101, ಅದರ ಸಮಯ ಇರುವುದು ವಿಡಬ್ಲ್ಯೂ107ರಲ್ಲಿ.

106 ಆದ ಮೇಲೆ 107. ಎಷ್ಟು ಸಹಜ, ಅಲ್ವಾ?

ಹುಡುಗನಿಗೆ ವಠಾರದ ಲೆಕ್ಕದಲ್ಲಿ ಹೇಳಿದೆ. ವಿ ಮೆಮೊರಿ ಅಂದರೆ ಸಾಲಾಗಿ ಒಂದೊಂದೇ ಕೋಣೆ. ಪ್ರತಿ ಕೋಣೆ ಒಂದು ಬೈಟ್, ಬಾಗಿಲ ಮೇಲೆ ನಂಬರ್. ವಿಡಬ್ಲ್ಯೂ106 ಅನ್ನುವ ಸಂಸಾರಕ್ಕೆ ಎರಡು ಕೋಣೆ ಬೇಕು, 106 ಮತ್ತು 107. ಬಾಡಿಗೆ ಚೀಟಿಯಲ್ಲಿ ಮೊದಲ ಕೋಣೆಯ ನಂಬರ್ ಮಾತ್ರ ಇರುತ್ತದೆ. ಆಮೇಲೆ ಬಂದವನು ಚೀಟಿ ನೋಡಿ 107 ಖಾಲಿ ಅಂದುಕೊಂಡ. ಅವನಿಗೂ ಎರಡು ಕೋಣೆ ಬೇಕು, 107 ಮತ್ತು 108. ಈಗ 107ರಲ್ಲಿ ಎರಡು ಸಂಸಾರ.

ಮಿತ್ಸುಬಿಷಿ ಎಫ್‌ಎಕ್ಸ್ ಮೇಲೆ ಕೈ ಕೂತವರಿಗೆ ಈ ತಪ್ಪು ಬೇಗ ಆಗುತ್ತದೆ. ಅಲ್ಲಿ ಡಿ106 ಅಂದರೇನೇ 16 ಬಿಟ್‌ನ ಪೂರ್ತಿ ಮನೆ, ಡಿ107 ಪಕ್ಕದ ಮನೆ. 32 ಬಿಟ್ ಬೇಕು ಅಂತ ಡಿಮೂವ್ ಬಳಸಿದಾಗ ಮಾತ್ರ ಅಲ್ಲೂ ಇದೇ ಜಗಳ: ಡಿ106ಕ್ಕೆ ಹಾಕಿದ್ದು ಡಿ107ಕ್ಕೂ ಚಾಚುತ್ತದೆ. ಕಾಕಂಬಿ ಸೇರಿಸಿದವರನ್ನು ನಾನು ಬೈಯಲಿಲ್ಲ. ಅವರ ಕೈಗೂ ಬಂದದ್ದು ಹೆಸರಿಲ್ಲದ ಪ್ರೋಗ್ರಾಂ. ಮಿನರಲ್ ಸೊನ್ನೆ ಇರುವ ತನಕ ಅವರ ಕೆಲಸ ಟೆಸ್ಟ್‌ನಲ್ಲಿ ಪಾಸೂ ಆಗಿದೆ.

ಪಂಪಿನ ಎಂಸಿಬಿ ಆಫ್ ಮಾಡಿ, ಮೆಮೊರಿಯಲ್ಲಿ ಇರುವುದನ್ನು ತೋರಿಸುವ ಸ್ಟೇಟಸ್ ಚಾರ್ಟ್‌ನಲ್ಲಿ ವಿಬಿ106, 107, 108 ಮೂರೂ ಬೈಟ್‌ಗಳನ್ನು ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆ, ಅದರಲ್ಲಿ 250 ಅಂದರೆ ಎಫ್ಎ) ಇಟ್ಟೆ. ಆಪರೇಟರ್ ಅಣ್ಣನಿಗೆ ಅವತ್ತಿನ ಹಾಗೆಯೇ ತುಂಬಿ ಅಂದೆ. ಮಿನರಲ್ 9 ಹೊಡೆದರು: 00, 09, 00. ಪುಟ ಬದಲಿಸಿ ಕಾಕಂಬಿ 25.0: 00, 00, ಎಫ್ಎ. ನಡುವಿನ 09 ಕಣ್ಣೆದುರೇ ಅಳಿಸಿಹೋಯಿತು. 250ರಲ್ಲಿ ದೊಡ್ಡ ಬೈಟ್ ಸೊನ್ನೆ, ಚಿಕ್ಕದು ಎಫ್ಎ. ಎಸ್7ನಲ್ಲಿ ದೊಡ್ಡ ಬೈಟ್ ಮೊದಲ ಕೋಣೆಗೆ ಹೋಗುತ್ತದೆ, ಅದೇ 107. ಅಣ್ಣನ ದೇವರಾಣೆ ನಿಜವೇ ಆಗಿತ್ತು. ಮತ್ತೆ ಮೊದಲ ಪುಟದಲ್ಲಿ 9: 00, 09, ಎಫ್ಎ. ಈಗ ವಿಡಬ್ಲ್ಯೂ107 ಓದಿದರೆ 9 ಸಲ 256, ಅದಕ್ಕೆ 250 ಕೂಡಿಸಿ 2554. ಅಂದರೆ 255.4 ಸೆಕೆಂಡ್, ನಾಲ್ಕೂಕಾಲು ನಿಮಿಷ. ಕಾಕಂಬಿ ಎರಡನೇ ಪುಟದಲ್ಲಿ ಇದ್ದುದರಿಂದ ಎರಡು ಸಂಖ್ಯೆ ಒಟ್ಟಿಗೆ ಯಾರ ಕಣ್ಣಿಗೂ ಬೀಳಲಿಲ್ಲ.

ಚೀಟಿಯ ಗುಟ್ಟೂ ಬಯಲಾಯಿತು. 26.0 ಅಂದರೆ 260, ಹೆಕ್ಸ್‌ನಲ್ಲಿ 01 04. ಆ 01 ಮಿನರಲ್ ಖಾತೆಗೆ ಬಿದ್ದು 1 ಕೆಜಿ ಆಗುತ್ತಿತ್ತು. ಸ್ಕ್ರೂ ಕೆಟ್ಟಿದೆ, ಆ 1 ಕೆಜಿ ಬರುವುದೇ ಇಲ್ಲ, ಮಷೀನ್ ಕಾಯುತ್ತ ನಿಲ್ಲುತ್ತಿತ್ತು. ಯಜಮಾನರು ಪರದೆ ನೋಡಿ, ಚೀಟಿ ನೋಡಿ, "ಇಷ್ಟು ವರ್ಷ ಇದನ್ನ ಪಂಪಿನ ತೊಂದರೆ ಅಂದ್ಕೊಂಡಿದ್ವಲ್ಲ" ಅಂದರು. ಹೊಸ ಪಿಎಲ್‌ಸಿ ಮಾತು ಅಲ್ಲಿಗೆ ನಿಂತಿತು.

ಇಲ್ಲಿಂದ ಮುಂದಿನದು ನನ್ನ ತಪ್ಪಿನ ಕಥೆ.

ಕಾಕಂಬಿಯನ್ನು ಬೇರೆ ಕಡೆ ಸ್ಥಳಾಂತರಿಸಬೇಕು. ಕ್ರಾಸ್ ರೆಫರೆನ್ಸ್‌ನ ಬೈಟ್ ಬಳಕೆಯ ಪಟ್ಟಿ ತೆಗೆದೆ. 400ರ ಆಸುಪಾಸು ಪೂರ್ತಿ ಖಾಲಿ. ಬೆಸ ಸಂಖ್ಯೆಯೂ ಅಲ್ಲ, ನೆನಪಿಡಲೂ ಸುಲಭ. ಟೈಮರ್‌ನಲ್ಲಿ ವಿಡಬ್ಲ್ಯೂ400 ಅಂತ ಬದಲಿಸಿದೆ.

ಎಚ್‌ಎಂಐ ಕೆಲಸ ಹಿಡಿಯಿತು. ಪ್ಯಾನೆಲ್ ಬಾಗಿಲ ಒಳಗಿನ ಜೇಬಿನಲ್ಲಿ ಒಂದು ಸಿಡಿ ಇತ್ತು, ಅದರಲ್ಲಿ ಫೈಲ್ ಇತ್ತು. ಆದರೆ ಕಾಕಂಬಿ ಸೇರಿಸುವುದಕ್ಕೆ ಮುಂಚಿನದು. ಎರಡನೇ ಪುಟವನ್ನು ಹೊಸದಾಗಿ ಮಾಡುವ ಬದಲು ಕಾಕಂಬಿಯನ್ನು ಮೊದಲ ಪುಟದಲ್ಲೇ ಮಿನರಲ್ ಕೆಳಗೆ ಇಟ್ಟೆ. ಸಿಪಿಯು ಸ್ಟಾಪ್ ಮಾಡಿ, ಡೌನ್‌ಲೋಡ್ ಮಾಡಿ, ಮತ್ತೆ ರನ್. 9 ಹಾಕಿದರೆ 9 ಉಳಿಯಿತು, 25.0 ಉಳಿಯಿತು, 26.0 ಕೂಡ. ಹುಡುಗ ಚೀಟಿ ಕಿತ್ತು ಹಾಕಿದ. ಕಾಫಿ ಬಂತು.

ಕಾಫಿ ಕುಡಿಯುತ್ತಿದ್ದಾಗ ಆಪರೇಟರ್ ಅಣ್ಣ ಎಂಟು ರೆಸಿಪಿಗಳನ್ನು ಒಂದೊಂದಾಗಿ ತುಂಬಿ ಸೇವ್ ಮಾಡುತ್ತಿದ್ದರು. ಏಳನೆಯದು ಸೇವ್ ಮಾಡಿದವರೇ ಕರೆದರು. "ಸಾರ್, ಕಾಕಂಬಿ 6 ಆಗೋಯ್ತು."

ಕಪ್ ಕೆಳಗಿಟ್ಟು ಹೋದೆ. 25.0 ಇದ್ದದ್ದು 6.0. ಒಳಗೆ 60. ಅದು ಹಿಂಡಿಯ ತೂಕ.

ಮತ್ತೆ ಪ್ರೋಗ್ರಾಂ ತೆಗೆದು, ಈ ಸಲ ಪೂರ್ತಿ ಓದಿದೆ. ರೆಸಿಪಿ ಸೇವ್ ಮಾಡುವ ಸಬ್‌ರುಟೀನ್ ವಿಡಬ್ಲ್ಯೂ100ರಿಂದ ಎಂಟು ವರ್ಡ್ ಎತ್ತಿಕೊಂಡು ಒಂದು ಪಾಯಿಂಟರ್ ತೋರಿಸಿದ ಜಾಗಕ್ಕೆ ನಕಲು ಮಾಡುತ್ತದೆ. ಪಾಯಿಂಟರ್ ಶುರುವಾಗುವುದು ವಿಬಿ300ರಿಂದ, ಒಂದೊಂದು ರೆಸಿಪಿಗೆ 16 ಬೈಟ್ ಮುಂದಕ್ಕೆ. ಎಂಟು ರೆಸಿಪಿ ಅಂದರೆ ವಿಬಿ300ರಿಂದ 427ರವರೆಗೂ ಮನೆಗಳಿವೆ. ಏಳನೆಯದು 396ರಿಂದ 411. ಅದರ ಐದನೇ ಬೈಟ್ 400, ಹಿಂಡಿಯ ಜಾಗ. ಪಾಯಿಂಟರ್ ಮೂಲಕ ಮುಟ್ಟುವ ವಿಳಾಸ ಪಟ್ಟಿಯಲ್ಲಿ ಕಾಣುವುದಿಲ್ಲ. ಅದು ಓಡುವಾಗ ಮಾತ್ರ ಗೊತ್ತಾಗುವ ವಿಳಾಸ. ಕಾಗದದ ಮೇಲೆ ಖಾಲಿ ಸೈಟು, ಹೋಗಿ ನೋಡಿದರೆ ಮನೆ ಕಟ್ಟಿದ್ದಾರೆ. ಅಣ್ಣ ಅವತ್ತು ಏಳನೇ ರೆಸಿಪಿ ತುಂಬದೆ ಹೋಗಿದ್ದರೆ? ಯಾರಾದರೂ ಕಾಕಂಬಿಗೆ 25.0 ಹೊಡೆದಾಗ ಏಳನೇ ರೆಸಿಪಿಯ ಹಿಂಡಿ ಸುಮ್ನೆ 250 ಕೆಜಿ ಆಗಿ ಕೂತಿರುತ್ತಿತ್ತು. ತಿಂಗಳಾದ ಮೇಲೆ ಅದು ನನ್ನ ಹೆಸರಿಗೇ ಬರುತ್ತಿತ್ತು, ನ್ಯಾಯವಾಗಿಯೇ.

ಎಂಟು ವರ್ಡ್ ಅಂದರೆ ವಿಡಬ್ಲ್ಯೂ100ರಿಂದ 114. ಮೊದಲು ಬರೆದವರು ಬಳಸಿದ್ದು ನಾಲ್ಕು, ಮುಂದೆ ಬೇಕಾದೀತು ಅಂತ ನಾಲ್ಕು ಖಾಲಿ ಬಿಟ್ಟಿದ್ದರು. ಕಾಕಂಬಿಯ ನಿಜವಾದ ಮನೆ ವಿಡಬ್ಲ್ಯೂ108. ಅಲ್ಲಿಟ್ಟರೆ ಪ್ರತಿ ರೆಸಿಪಿಗೂ ಅದರದೇ ಕಾಕಂಬಿ ಸಮಯ ತಾನಾಗಿ ಸೇವ್ ಆಗುತ್ತದೆ. ಟೈಮರ್, ಎಚ್‌ಎಂಐ ಎರಡರಲ್ಲೂ 108 ಮಾಡಿದೆ. ಎಂಟೂ ರೆಸಿಪಿ ಮತ್ತೆ ತುಂಬಿಸಿದೆ. ಅಣ್ಣ ಗೊಣಗಲಿಲ್ಲ, ನಾನೇ ನಾಚಿಕೊಂಡೆ.

ಹೊಸ ಎಸ್7-1200ನಲ್ಲಿ ಈ ತಲೆನೋವು ಕಡಿಮೆ. ಅಲ್ಲಿ ಆಪ್ಟಿಮೈಸ್ಡ್ ಡೇಟಾ ಬ್ಲಾಕ್‌ನಲ್ಲಿ ನಾವು ಹೆಸರು ಕೊಡುತ್ತೇವೆ, ಜಾಗವನ್ನು ಸಾಫ್ಟ್‌ವೇರೇ ಹುಡುಕಿಕೊಳ್ಳುತ್ತದೆ. ಆದರೆ ವಿಳಾಸ ಹಿಡಿದು ಮಾತಾಡುವ ಹಳೆಯ ಎಚ್‌ಎಂಐ ಜೋಡಿಸಬೇಕಾದರೆ ಆಪ್ಟಿಮೈಸ್ಡ್ ಟಿಕ್ ತೆಗೆಯಬೇಕು. ತೆಗೆದ ತಕ್ಷಣ ಮತ್ತೆ ಅದೇ ವಠಾರ.

ಉಳಿದದ್ದು ರಜೆಯ ಸಮಸ್ಯೆ. ಬ್ಯಾಟರಿ ಕಾರ್ಟ್ರಿಡ್ಜ್ ಹಾಕಿದರೆ ಸುಮಾರು 200 ದಿನ ಕಾಯುತ್ತದೆ. ಆದರೆ ಬ್ಯಾಟರಿ ಸತ್ತದ್ದು ಗೊತ್ತಾಗುವುದೂ ಮುಂದಿನ ದಸರಾ ಮುಗಿದ ಮೇಲೆಯೇ. ನಾನು ಇಇಪ್ರಾಮ್ ದಾರಿ ಹಿಡಿದೆ. ಪಿಎಲ್‌ಸಿಯದೇ ವಿಶೇಷ ಮೆಮೊರಿ ಎಸ್‌ಎಂ. ಅದರ ಎಸ್‌ಎಂಡಬ್ಲ್ಯೂ32ರಲ್ಲಿ ವಿ ವಿಳಾಸ, ಎಸ್‌ಎಂಬಿ31ರಲ್ಲಿ ಹೆಕ್ಸ್ 83 ಹಾಕಿದರೆ ಸ್ಕ್ಯಾನ್ ಕೊನೆಯಲ್ಲಿ ಒಂದು ಡಬಲ್ ವರ್ಡ್ (ನಾಲ್ಕು ಬೈಟ್) ಇಇಪ್ರಾಮ್‌ಗೆ ಹೋಗುತ್ತದೆ. ಒಂದು ರೆಸಿಪಿಗೆ 16 ಬೈಟ್, ಅಂದರೆ ನಾಲ್ಕು ಸ್ಕ್ಯಾನ್. ಸೇವ್ ಬಟನ್ ಒತ್ತಿದಾಗ ಒಂದೇ ಸಲ ಆಗುವಂತೆ ಎಡ್ಜ್ ಹಾಕುವುದು ಮುಖ್ಯ. ಇಇಪ್ರಾಮ್ ಬರವಣಿಗೆಗೆ ಕನಿಷ್ಠ ಒಂದು ಲಕ್ಷ ಸಲದ ಭರವಸೆ ಇದೆ. ಒಂದು ರೆಸಿಪಿಯನ್ನು ದಿನಕ್ಕೆ ಹತ್ತು ಸಲ ಸೇವ್ ಮಾಡಿದರೂ 27 ವರ್ಷ. ಎಡ್ಜ್ ಮರೆತು ಪ್ರತಿ ಸ್ಕ್ಯಾನ್‌ಗೂ ಬರೆಯಲು ಬಿಟ್ಟರೆ ಆ ಲಕ್ಷ ಒಂದೇ ದಿನದಲ್ಲಿ ಮುಗಿಯುತ್ತದೆ.

ಜೊತೆಗೆ ಎಸ್‌ಎಂ0.2. ರ‍್ಯಾಮ್‌ನಲ್ಲಿ ಉಳಿಸಿಟ್ಟದ್ದು ಅಳಿಸಿಹೋಗಿದ್ದರೆ ಈ ಬಿಟ್ ಮೊದಲ ಒಂದು ಸ್ಕ್ಯಾನ್ ಮಾತ್ರ ಏಳುತ್ತದೆ. ಅದನ್ನು ಹಿಡಿದು ಲ್ಯಾಚ್ ಮಾಡಿ, ಎಚ್‌ಎಂಐನಲ್ಲಿ "ಸಂಖ್ಯೆಗಳು ಅಳಿಸಿವೆ, ರೆಸಿಪಿ ಮತ್ತೆ ಆರಿಸಿ" ಅಂತ ಬರುವಂತೆ ಮಾಡಿದೆ. ಅಲ್ಲಿಯವರೆಗೆ ಬ್ಯಾಚ್ ಸ್ಟಾರ್ಟ್ ಆಗುವುದಿಲ್ಲ. ಇಷ್ಟೆಲ್ಲ ಸೇರಿಸಿದ ಮೇಲೆ ಪ್ರೋಗ್ರಾಂ ಮೂರು ಸಾವಿರ ಬೈಟೂ ಮುಟ್ಟಲಿಲ್ಲ.

ಹೊರಡುವ ಮುಂಚೆ ಒಂದು ಎ4 ಹಾಳೆಯಲ್ಲಿ ವಿಳಾಸಗಳ ನಕ್ಷೆ ಬರೆದೆ. ಯಾವ ಬೈಟ್‌ನಿಂದ ಯಾವ ಬೈಟ್‌ವರೆಗೆ, ಯಾರದು. 300ರಿಂದ 427ರ ಸುತ್ತ ಕೆಂಪು ಗೆರೆ ಎಳೆದು "ಪಾಯಿಂಟರ್, ಮುಟ್ಟಬೇಡಿ" ಅಂತ ಬರೆದು ಸಿಡಿ ಇದ್ದ ಜೇಬಿಗೇ ಹಾಕಿದೆ. ಹೊಸ ಫೈಲ್‌ಗಳ ಪೆನ್‌ಡ್ರೈವ್ ಕೂಡ.

ದೀಪಾವಳಿಗೆ ನಾಲ್ಕು ದಿನ ಮುಚ್ಚಿದ್ದರು. ಲೆಕ್ಕದಲ್ಲಿ 96 ಗಂಟೆ, 100ಕ್ಕಿಂತ ಕಡಿಮೆ. ಆದರೂ ಕೆಪಾಸಿಟರ್ ತಾಳಲಿಲ್ಲ. ಅದಕ್ಕೂ ವಯಸ್ಸಾಗಿದೆ. ತೆರೆದ ದಿನ ಆಪರೇಟರ್ ಅಣ್ಣನೇ ಫೋನ್ ಮಾಡಿದರು.

"ಮೆಸೇಜ್ ಬಂತು ಸಾರ್. ರೆಸಿಪಿ ಒಂದು ಆರಿಸ್ದೆ. ಎಲ್ಲ ನಂಬರ್ರೂ ಬಂತು. ಕಾಕಂಬಿ 28 ಇಟ್ಟು ಓಡಿಸ್ತಿದೀವಿ, ಯಜಮಾನ್ರಿಗೆ ಹಿಟ್ಟು ಇನ್ನೂ ಸ್ವಲ್ಪ ಜಿಗುಟು ಬೇಕಂತೆ."

"ಮಿನರಲ್?"

"9ಕ್ಕೆ 9. ಆದ್ರೆ ಪಂಪಿನ ಸೀಲ್ ಸೋರ್ತಿದೆ ಸಾರ್, ಕೆಳಗೆಲ್ಲ ಕಾಕಂಬಿ."

ಅದಕ್ಕೆ ಫಿಟ್ಟರ್ ಅನ್ನು ಕರೆಸಿ ಅಂದೆ.